ಸಾಕುವವರ ಋಣ

ಏರ್ಕಾಡಿಗೆ ಕಡಲು ಎಲ್ಲಿಂದ ಬಂತು ಎಂದು ವಾಚಕ ಮಹಾಶಯರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ನಾವಿರುವ ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು ೧,೫೦೦ ಮೀಟರ್ ಎತ್ತರದಲ್ಲಿದೆ. ಸೇಲಂ ಕಡೆಯಿಂದ ೨೦ ಹೇರ್‌ಪಿನ್ ತಿರುವುಗಳನ್ನು ಹತ್ತಿ ಇಲ್ಲಿಗೆ ಬರಬೇಕು. ಹೆಸರಿನಲ್ಲೇನೋ ನೀರಿದೆ. ತಮಿಳಿನಲ್ಲಿ ಏರಿ ಎಂದರೆ ಕೆರೆ, ಕಾಡು ಎಂದರೆ ಕಾಡೇ. ನಮ್ಮ ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ ಮಾತ್ರ. ನೆರೆಯ ಭಾಷೆಯವರು ಕಟ್ಟೆಯೊಡನೆ ನೀರನ್ನೂ ಸೇರಿಸಿಕೊಂಡಿದ್ದಾರೆ. ಆದರೆ ಅದು ಸಿಹಿನೀರು. ಉಪ್ಪುನೀರನ್ನು ಕಾಣಬೇಕಾದರೆ ಬೆಟ್ಟವಿಳಿದು ಪೂರ್ವಕ್ಕೆ ಸುಮಾರು ೨೦೦ ಕಿಲೋಮೀಟರ್ ಹೋಗಬೇಕು.

ಅಂತಹ ಊರಿನಲ್ಲಿ ಹೋದ ವರ್ಷ ನಮ್ಮ ಮನೆಯ ಪಡಸಾಲೆಗೆ ಒಂದು ತುಂಡು ಕಡಲು ಬಂದು ಕುಳಿತಿತು. ನಮ್ಮ ಮಡದಿಯ ತಮ್ಮ ಚೆನ್ನೈಯಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಮನೆ ಬದಲಾಯಿಸಬೇಕಾಗಿ ಬಂದು, ತಾನು ಪ್ರೀತಿಯಿಂದಿಟ್ಟುಕೊಂಡಿದ್ದ ನೂರು ಲೀಟರಿನ ಗಾಜಿನ ತೊಟ್ಟಿಯನ್ನು, "ಭಾವ, ನಿಮ್ಮ ಶಾಲೆಯ ಹುಡುಗರಿಗಾದರೂ ಉಪಯೋಗವಾಗಲಿ" ಎಂದು ನಮಗೆ ಒಪ್ಪಿಸಿದನು. ಲೀಟರಿಗೆ ೩೫ ಗ್ರಾಂನಂತೆ ಕಡಲುಪ್ಪಿನ ಪುಡಿಯನ್ನು ಬೆರೆಸುವುದು, ಇಲ್ಲಿಯ ಚಳಿಗೆ ನೀರು ೨೫ ಡಿಗ್ರಿಗಿಂತ ಕೆಳಗಿಳಿಯದಂತೆ ಕಾಯಿಸುವ ಕೊಳವೆಯನ್ನಿಡುವುದು, ಗಾಳಿಮಳೆಗೆ ವಿದ್ಯುತ್ತು ನಿಂತಾಗ ಎದ್ದು ಕೈಯಿಂದ ನೀರನ್ನು ಕಲಕುವುದು, ಇವೆಲ್ಲವನ್ನೂ ನಾವು ಕಲಿತೆವು. ಎರಡು ಸಣ್ಣ ಮೀನುಗಳಿದ್ದವು. ಅವುಗಳ ಜೊತೆಗೆ, ಹೊರಡುವ ದಿನ ಚೆನ್ನೈಯ ಒಂದು ಅಂಗಡಿಯಿಂದ ಅವನು ಕೊಂಡುತಂದ ಒಂದು ಹುಳುವೂ ಇತ್ತು.

ಹುಳು ಎಂದರೆ ಅದಕ್ಕೆ ಅನ್ಯಾಯವಾದೀತು. ಮಳೆಗಾಲದಲ್ಲಿ ನಮ್ಮ ಕಾಫಿತೋಟದ ಬೇಲಿಗಳಲ್ಲಿ ಹರಿದಾಡುವ ಸಿಂಬಳದ ಹುಳುವನ್ನು ಎಲ್ಲರೂ ಬಲ್ಲರು. ಚಿಪ್ಪನ್ನು ಕಳೆದುಕೊಂಡ ಬಸವನಹುಳು ಅದು. ಅದರ ಕಡಲಿನ ದಾಯಾದಿ ಇದು. ಆದರೆ ತೋಟದ ಹುಳುವನ್ನು ಕಂಡು ಮುಖ ಸಿಂಡರಿಸುವವರು ಇದನ್ನು ಕಂಡರೆ ಗಾಜಿಗೆ ಮೂಗನ್ನೊತ್ತಿ ನಿಲ್ಲುತ್ತಾರೆ. ಕಪ್ಪು ಮೈ, ಅದರ ಮೇಲೆ ಉದ್ದುದ್ದಕ್ಕೆ ನಸುನೀಲಿಯ ದಿಣ್ಣೆಗಳು, ದಿಣ್ಣೆಗಳ ತುದಿಯಲ್ಲಿ ಅರಿಸಿನದ ಬೊಟ್ಟಿಟ್ಟಂತೆ ಹಳದಿ ಗುಬುಟುಗಳು, ಮುಂದುಗಡೆ ಎರಡು ಹಳದಿಯ ಕೊಂಬುಗಳು. ಫಿಲಿಡಿಯ ಎಂಬ ಕುಲಕ್ಕೆ ಸೇರಿದ್ದು ಎಂದು ಆಮೇಲೆ ಪುಸ್ತಕಗಳನ್ನು ನೋಡಿ ತಿಳಿದೆವು. ಸಂಜೆಯಾದರೆ ನಮ್ಮ ಶಾಲೆಯ ಮಕ್ಕಳು ಪಡಸಾಲೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಕಡಲನ್ನೇ ಕಾಣದ ಮಕ್ಕಳು. ಐದನೆಯ ತರಗತಿಯ ಒಬ್ಬ ಹುಡುಗಿಯಂತೂ ಒಂದು ನೋಟುಪುಸ್ತಕವನ್ನೇ ಅದಕ್ಕೆ ಮೀಸಲಿಟ್ಟು, ಗಾಜಿನ ಹೊರಗಿನಿಂದ ಅಳತೆಕೋಲನ್ನು ಹಿಡಿದು ದಿನವೂ ಅದರ ಉದ್ದವನ್ನು ಬರೆದಿಡುತ್ತಿದ್ದಳು. ಮೊದಲ ದಿನ ೬ ಸೆಂಟಿಮೀಟರ್.

ಅದಕ್ಕೆ ಏನನ್ನು ಉಣಬಡಿಸುವುದು? ಪಾಲಕ್ ಸೊಪ್ಪನ್ನು ಬೇಯಿಸಿ ಇಟ್ಟೆವು. ಮೀನಿನ ಕಾಳನ್ನು ಇಟ್ಟೆವು. ಒಣಗಿದ ಕಡಲಪಾಚಿಯ ಹಾಳೆಯನ್ನು ತರಿಸಿ ಕಲ್ಲಿಗೆ ಕಟ್ಟಿದೆವು. ಹುಳು ಎಲ್ಲದರ ಮೇಲೂ ಕೊಂಬನ್ನಾಡಿಸಿ ಮುಂದೆ ಹೋಯಿತು. ಆ ಕೊಂಬುಗಳು ಅದರ ಮೂಗು. ನೀರಿನಲ್ಲಿ ಕರಗಿದ ವಾಸನೆಯನ್ನು ಹಿಡಿಯುವುದಕ್ಕಾಗಿ ಇರುವಂಥವು. ನಾವಿಟ್ಟ ಯಾವುದಕ್ಕೂ ಅದರ ಮೂಗಿನಲ್ಲಿ ಅನ್ನದ ವಾಸನೆಯಿರಲಿಲ್ಲ. ಈ ಫಿಲಿಡಿಯಗಳಿಗೆ ದವಡೆಯಿಲ್ಲ, ಬಸವನಹುಳುಗಳಿಗೆಲ್ಲ ಇರುವ ಅರದಂತಹ ನಾಲಗೆಯೂ ಇಲ್ಲ. ಕಡಲತಳದ ಬಂಡೆಗಳಿಗೆ ಅಂಟಿ ಬೆಳೆಯುವ ಸ್ಪಂಜು ಪ್ರಾಣಿಯ ಮೇಲೆ ಬಾಯಿಯನ್ನಿಟ್ಟು, ಅದನ್ನು ಕರಗಿಸಿ ಹೀರುವುದೊಂದೇ ಅವು ಬಲ್ಲ ಊಟ. ಅದೂ ಎಲ್ಲ ಸ್ಪಂಜೂ ಅಲ್ಲ, ಅವುಗಳಿಗೆ ಒಗ್ಗಿದ ಕೆಲವೇ ಜಾತಿ. ಆ ಸ್ಪಂಜಿನ ವಿಷವನ್ನೇ ಅವು ತಮ್ಮ ಮೈಯಲ್ಲಿ ಕೂಡಿಟ್ಟುಕೊಂಡು ಶತ್ರುಗಳಿಂದ ಪಾರಾಗುತ್ತವೆ. ೧೯೬೩ರಲ್ಲಿ ಜೊಹಾನಿಸ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಇಂತಹುದೇ ಒಂದು ಹುಳುವಿನ ಲೋಳೆಯಿಂದ ಮೀನುಗಳು ಸತ್ತದ್ದನ್ನು ಬರೆದಿಟ್ಟಿದ್ದಾರೆ. ಅದರ ಅನ್ನ, ಆಯುಧ ಎರಡೂ ಒಂದೇ ಕಡೆಯಿಂದ ಬರತಕ್ಕವು. ಆ ಕಡೆ ನಮ್ಮ ಪಡಸಾಲೆಯಲ್ಲ.

ಸ್ಪಂಜನ್ನು ತರಿಸಬಹುದಿತ್ತಲ್ಲವೆ ಎಂದರೆ, ಅದು ಸೊಪ್ಪಿನ ಕಟ್ಟಿನಂತೆ ಸಂತೆಯಲ್ಲಿ ಸಿಕ್ಕುವ ವಸ್ತುವಲ್ಲ. ರಾಮನಾಥಪುರದಿಂದ ತೂತುಕುಡಿಯವರೆಗಿನ ಮನ್ನಾರ್ ಕೊಲ್ಲಿಯ ೨೧ ದ್ವೀಪಗಳ ಸುತ್ತಲಿನ ಕಡಲು ೧೯೮೬ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ಹವಳಗಳೂ ಕೆಲವು ಬಗೆಯ ಸ್ಪಂಜುಗಳೂ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿವೆ. ಒಂದು ಹುಳುವಿನ ಊಟಕ್ಕಾಗಿ ಬಂಡೆಗಳನ್ನು ಕೆರೆಸಿ ತರಿಸುವುದು ಒಂದು ತಪ್ಪಿಗೆ ಇನ್ನೊಂದನ್ನು ಗಂಟುಹಾಕಿದಂತಾಗುತ್ತಿತ್ತು.

ಇಷ್ಟು ತಿಳಿಯುವ ಹೊತ್ತಿಗೆ ಹತ್ತು ದಿನಗಳು ಕಳೆದಿದ್ದವು. ಆಗ ನಮ್ಮ ತಾಯಿಯವರು ಊರಿನಿಂದ ಬಂದರು.

ನಮ್ಮ ಊರು ಧರ್ಮಪುರಿಯ ಕಡೆ. ರೇಷ್ಮೆಹುಳು ಸಾಕಿದ ಮನೆ ನಮ್ಮದು. ನಾವು ಮಗುವಾಗಿದ್ದಾಗ ತೊಟ್ಟಿಲಿಗಿಂತ ಹುಳುವಿನ ತಟ್ಟೆಗಳೇ ಮನೆಯಲ್ಲಿ ಹೆಚ್ಚು ಜಾಗವನ್ನು ಹಿಡಿದಿದ್ದವು. ತಾಯಿಯವರು ಬಂದವರೇ ಕೈಕಾಲು ತೊಳೆದು, ತೊಟ್ಟಿಯ ಮುಂದೆ ಕುಳಿತು, ಹುಳುವನ್ನು ಬಹಳ ಹೊತ್ತು ನೋಡಿದರು. ಅಂದವಾಗಿದೆ ಎನ್ನಲಿಲ್ಲ. ಹೆಸರನ್ನು ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಮಾತು:

"ಇದಕ್ಕೆ ಸೊಪ್ಪು ಯಾವುದಪ್ಪಾ?"

ಕಡಲಿನಲ್ಲಿರುವ ಒಂದು ಪ್ರಾಣಿಯನ್ನಷ್ಟೇ ತಿನ್ನುತ್ತದೆ, ಅದು ಇಲ್ಲಿ ಸಿಕ್ಕುವುದಿಲ್ಲ ಎಂದೆವು. ಅವರು ನಮ್ಮ ಮುಖವನ್ನು ನೋಡಿದರು. "ತೋಟ ನೋಡಿ ಮೊಟ್ಟೆ ತರಬೇಕು ಅಂತ ನಿನಗೆ ಗೊತ್ತಿಲ್ವೆ?" ಎಂದರು. ಅಷ್ಟೇ. ಆಮೇಲೆ ಎದ್ದು ಅಡಿಗೆಮನೆಗೆ ಹೋದರು.

ರೇಷ್ಮೆಯ ಮನೆಯವರಲ್ಲದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳುವಿಗೂ ಅನ್ನ ಒಂದೇ, ಹಿಪ್ಪುನೇರಳೆಯ ಸೊಪ್ಪು. ತೋಟದಲ್ಲಿ ಎಷ್ಟು ಸೊಪ್ಪಿದೆ ಎಂದು ಅಂದಾಜುಮಾಡಿಯೇ ಎಷ್ಟು ಮೊಟ್ಟೆಯನ್ನು ಚಾಕಿ ಕಟ್ಟುವುದೆಂದು ನಿಶ್ಚಯಿಸಬೇಕು. ಚಾಕಿಯ ಹುಳು ಎಳೆಯದು, ಇರುವೆಯಷ್ಟು, ಆಗ ಅದಕ್ಕೆ ಬೇಕಾಗುವ ಸೊಪ್ಪು ಒಂದು ಹಿಡಿ. ಅದನ್ನು ನೋಡಿ ಮೋಸಹೋಗಬಾರದು. ನಾಲ್ಕು ಜ್ವರವನ್ನು ಕಳೆದು ಐದನೆಯ ಹಂತಕ್ಕೆ ಬಂದಿತೆಂದರೆ, ಆಯುಸ್ಸಿನಲ್ಲಿ ತಿನ್ನುವ ಒಟ್ಟು ಸೊಪ್ಪಿನ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟನ್ನು ಆ ಒಂದೇ ವಾರದಲ್ಲಿ ಮುಗಿಸುತ್ತದೆ. ಸಾವಿರಾರು ಬಾಯಿಗಳು ಒಟ್ಟಿಗೆ ಮೇಯುವಾಗ ಮನೆಯೊಳಗೆ ಮಳೆ ಬಿದ್ದಂತೆ ಸದ್ದು. ಆ ವಾರದಲ್ಲಿ ಸೊಪ್ಪು ಮುಗಿದರೆ ನೆರೆಯವರ ಕಾಲು ಹಿಡಿಯಬೇಕು, ಸಾಲ ಮಾಡಬೇಕು. ಒಮ್ಮೆ ತಾಯಿಯವರು ಕಿವಿಯ ಓಲೆಯನ್ನು ಅಡವಿಟ್ಟು ಒಂದು ಗಾಡಿ ಸೊಪ್ಪನ್ನು ಕೊಂಡದ್ದನ್ನು ನಾವು ಕಂಡಿದ್ದೇವೆ. ರಾತ್ರಿಯ ಮೇವಿಗೆ ಎಚ್ಚರವಾಗದೆ ಮಲಗಿದ್ದನ್ನು ಎಂದೂ ಕಂಡಿಲ್ಲ. ಸುಮಾರು ೨೫ ದಿನಗಳಲ್ಲಿ ಹುಳು ಹಣ್ಣಾಗುತ್ತದೆ, ಚಂದ್ರಿಕೆಯನ್ನು ಏರುತ್ತದೆ, ಗೂಡು ಕಟ್ಟುತ್ತದೆ.

ಆಮೇಲೆ? ಆಮೇಲೆ ಗೂಡು ಧರ್ಮಪುರಿಯ ಮಾರುಕಟ್ಟೆಗೆ ಹೋಗುತ್ತದೆ. ಒಳಗಿನ ಜೀವವನ್ನು ಬಿಸಿಯಿಂದ ಕೊಂದು ನೂಲನ್ನು ಬಿಚ್ಚುತ್ತಾರೆ. ಇದನ್ನು ಮರೆಮಾಚಿ ನಮ್ಮ ಮನೆಯನ್ನು ಹೊಗಳಿಕೊಳ್ಳುವ ಇಚ್ಛೆ ನಮಗಿಲ್ಲ. ಕುದಿಯುವ ನೀರು ಕುದಿಯುವ ನೀರೇ.

ನಮ್ಮನ್ನು ಕಾಡಿದ ಪ್ರಶ್ನೆ ಇಲ್ಲಿಂದಲೇ ಹುಟ್ಟಿತು. ಕೊಲ್ಲುವುದಕ್ಕಾಗಿಯೇ ಸಾಕಿ, ಕೊನೆಯ ದಿನದವರೆಗೂ ಹಸಿವೆಂಬುದನ್ನು ತಿಳಿಯಗೊಡದೆ ಉಣಿಸಿದ ತಾಯಿಯವರು ಒಂದು ಕಡೆ. ಕೊಲ್ಲುವ ಯೋಚನೆಯೇ ಇಲ್ಲದೆ, ಮೆಚ್ಚಿಕೊಂಡು, ಹಾಡಿಹೊಗಳಿ, ಕಣ್ಣೆದುರಿನಲ್ಲಿಯೇ ಹಸಿವಿನಿಂದ ಕರಗಿಸುತ್ತಿದ್ದ ನಾವು ಇನ್ನೊಂದು ಕಡೆ. ಇಬ್ಬರಲ್ಲಿ ಯಾರು ಹೆಚ್ಚು ತಪ್ಪಿತಸ್ಥರು? ಅಹಿಂಸೆಯ ಪಾಠವನ್ನು ಹತ್ತಾರು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದ ನಾವು, ಹಿಂಸೆಯೆಂದರೆ ಕೈಯೆತ್ತುವುದು ಎಂದು ಮಾತ್ರ ಭಾವಿಸಿದ್ದೆವು. ಕೈಕಟ್ಟಿ ನೋಡುವುದರಲ್ಲಿ ಎಷ್ಟು ಹಿಂಸೆ ಅಡಗಬಹುದೆಂಬುದು ನಮ್ಮ ಪಾಠದಲ್ಲಿರಲಿಲ್ಲ.

ಮನಸ್ಸು ನೆಪಗಳನ್ನು ಹುಡುಕಿತು. ಅದರ ಕೆಲಸವೇ ಅದು. ನಾವು ತರದಿದ್ದರೆ ಅಂಗಡಿಯಲ್ಲಿಯೇ ಸಾಯುತ್ತಿತ್ತು ಎಂಬುದು ಮೊದಲನೆಯ ನೆಪ. ನಿಜವಿರಬಹುದು, ಆದರೆ ಕೊಂಡವನ ದುಡ್ಡೇ ಇನ್ನೊಂದನ್ನು ಕಡಲಿನಿಂದ ಮೇಲೆತ್ತುತ್ತದೆ. ಎರಡನೆಯ ನೆಪ ಇನ್ನೂ ನಯವಾದದ್ದು. ಎಲೀಷಿಯ ಎಂಬ ಹಸಿರು ಕಡಲಹುಳುವಿನ ಕಥೆಯನ್ನು ನಾವು ಓದಿದ್ದೆವು. ಅದು ಪಾಚಿಯನ್ನು ಹೀರಿ, ಪಾಚಿಯ ಹಸಿರುಕಣಗಳನ್ನು ಜೀರ್ಣಿಸದೆ ತನ್ನ ಮೈಯಲ್ಲಿ ಉಳಿಸಿಕೊಂಡು, ತಿಂಗಳುಗಟ್ಟಲೆ ಊಟವಿಲ್ಲದೆ ಎಲೆಯಂತೆ ಬಿಸಿಲಿನಿಂದ ಬದುಕುತ್ತದೆಂದು ಬಹುಕಾಲ ಹೇಳುತ್ತಿದ್ದರು. ನಮ್ಮ ಹುಳು ಆ ಜಾತಿಯದಲ್ಲ. ಆದರೂ 'ಬೆಳಕನ್ನುಂಡು ಬದುಕುವ ಹುಳುಗಳಿವೆ' ಎಂಬ ಮಾತಿನಿಂದ ಎಷ್ಟು ನೆಮ್ಮದಿ! ಆ ನೆಮ್ಮದಿಯೂ ಉಳಿಯಲಿಲ್ಲ. ೨೦೧೪ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆ ಬಳಗದ ಎರಡು ಜಾತಿಯ ಹುಳುಗಳನ್ನು ಉಪವಾಸವಿಟ್ಟು, ಕೆಲವನ್ನು ಬೆಳಕಿನಲ್ಲಿಯೂ ಕೆಲವನ್ನು ಕತ್ತಲಿನಲ್ಲಿಯೂ ಇಟ್ಟರು. ಕತ್ತಲಿನವೂ ಬದುಕಿಯೇ ಇದ್ದವು. ಬದುಕುವುದಕ್ಕೆ ಅವಕ್ಕೆ ಬೆಳಕಿನ ಅಡಿಗೆ ಅವಶ್ಯವಾಗಿರಲಿಲ್ಲ. ಹಸಿದ ಕಡಲಹುಳು ತನ್ನ ಮೈಯನ್ನೇ ಸವೆಸಿಕೊಂಡು ಬಹಳ ದಿನ ಉಸಿರಾಡಬಲ್ಲದು. ಅದನ್ನು ನಾವು 'ಹೊಂದಿಕೊಂಡಿತು' ಎನ್ನುತ್ತೇವೆ.

ಮೂರನೆಯದು, ಅಷ್ಟು ಕ್ಷುದ್ರವಾದ ಜೀವಕ್ಕೆ ಹಸಿವಿನ ಅರಿವೇನು ಎಂಬುದು. ಎರಿಕ್ ಕ್ಯಾಂಡಲ್ ಎಂಬ ವಿಜ್ಞಾನಿ 'ಕಡಲ ಮೊಲ'ವೆಂದು ಹೆಸರಾದ ದೊಡ್ಡ ಕಡಲಹುಳುವಿನ ಮೇಲೆ ಜೀವಮಾನವಿಡೀ ದುಡಿದು ೨೦೦೦ದಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅದರ ನರಕೋಶಗಳು ಸುಮಾರು ೨೦,೦೦೦. ಮನುಷ್ಯನವು ಸಾವಿರಾರು ಕೋಟಿ. ಆದರೂ ಬಾಲಕ್ಕೆ ಒಮ್ಮೆ ಬಲವಾದ ಆಘಾತವಾದರೆ, ಆಮೇಲೆ ಹಗುರವಾಗಿ ಮುಟ್ಟಿದರೂ ಅದು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಪಾಠವನ್ನು ದಿನದಿನವೂ ಮರುಕಳಿಸಿದರೆ ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಉಪಾಧ್ಯಾಯರಾದ ನಮಗೆ ಇದು ಸಣ್ಣ ಸಂಗತಿಯಲ್ಲ. ನಮ್ಮ ತರಗತಿಯಲ್ಲಿ ಅಷ್ಟು ದಿನ ನೆನಪಿಡುವವರು ಎಷ್ಟು ಮಂದಿ! ನೋವೆಂಬುದು ಅದಕ್ಕೆ ನಮ್ಮಂತೆಯೇ ಇದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಕಲಿಯಬಲ್ಲ ಜೀವದ ಮುಂದೆ ನಿಂತು 'ಇದಕ್ಕೇನು ಗೊತ್ತು' ಎನ್ನುವ ಧೈರ್ಯ ಉಪಾಧ್ಯಾಯನಿಗೆ ಬರಬಾರದು.

ಕನ್ನಡದಲ್ಲಿ 'ಸಾಕು' ಎಂಬ ಒಂದು ಶಬ್ದವಿದೆ. ಪೋಷಿಸು ಎಂಬುದಕ್ಕೂ ಅದೇ, ಇನ್ನು ಬೇಡ ಎಂಬುದಕ್ಕೂ ಅದೇ. ಎರಡರ ಮೂಲ ಒಂದೇ ಹೌದೋ ಅಲ್ಲವೋ ಎಂಬುದನ್ನು ಪಂಡಿತರಿಗೆ ಬಿಡೋಣ. ಮಗುವನ್ನೋ ಕರುವನ್ನೋ ಸಾಕಿದವರ ಕಿವಿಗೆ ಮಾತ್ರ ಅವೆರಡೂ ಕೂಡಿಯೇ ಕೇಳಿಸುತ್ತವೆ: ಉಣ್ಣುವ ಬಾಯಿಂದ 'ಸಾಕು' ಎಂಬ ಮಾತು ಬರುವವರೆಗೆ ಬಡಿಸಿದವನು ಸಾಕಿದವನು. ಉಳಿದವನು ಇಟ್ಟುಕೊಂಡವನು. ನಾವು ಆ ಹುಳುವನ್ನು ಇಟ್ಟುಕೊಂಡಿದ್ದೆವು.

ಹಾಗಾದರೆ ಸರಿಯಾದ ಆಹಾರವನ್ನು ಕೊಟ್ಟರೆ ಎಲ್ಲವೂ ನೇರವಾಯಿತೆ? ಬರ್ಗಿಯ ಎಂಬ ಇನ್ನೊಂದು ಕಡಲಹುಳುವಿದೆ. ಉಪ್ಪುನೀರಿನ ತೊಟ್ಟಿಗಳಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯ ಎಂಬ ಕುಟುಕುವ ಜೀವಿಯುಂಟು, ಗಾಜಿನ ಹೂವಿನಂತೆ ಕಾಣುವಂಥದು. ಬರ್ಗಿಯ ತಿನ್ನುವುದು ಅದೊಂದನ್ನೇ. ಆದ್ದರಿಂದ ತೊಟ್ಟಿಯಿಟ್ಟವರು ಕಳೆ ಕೀಳಿಸಲು ಈ ಹುಳುವನ್ನು ತರಿಸುತ್ತಾರೆ. ಮಾರುವುದಕ್ಕೆಂದೇ ಇದನ್ನು ಮರಿಮಾಡಿಸಿ ಬೆಳೆಸುವವರೂ ಇದ್ದಾರೆ. ಹುಳು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ, ಕಳೆ ಪೂರ್ತಿಯಾಗಿ ಹೋಗುತ್ತದೆ, ತೊಟ್ಟಿ ಚೊಕ್ಕಟವಾಗುತ್ತದೆ, ಮರುದಿನದಿಂದ ಹುಳುವಿಗೆ ಉಪವಾಸ. ಅದು ಮಾಡಿದ ಕೆಲಸವೇ ಅದರ ಅನ್ನವನ್ನು ಕಿತ್ತುಕೊಂಡಿತು. ವಿವೇಕಿಗಳು ಅದನ್ನು ಕಳೆಯಿರುವ ಇನ್ನೊಬ್ಬರ ತೊಟ್ಟಿಗೆ ದಾಟಿಸುತ್ತಾರೆ. ಇಲ್ಲವೆ ಅದಕ್ಕಾಗಿಯೇ ಬೇರೊಂದು ಪಾತ್ರೆಯಲ್ಲಿ ಆ ಕಳೆಯನ್ನೇ ಬೆಳೆಸುತ್ತಾರೆ. ಅನೇಕರು ಏನನ್ನೂ ಮಾಡುವುದಿಲ್ಲ. ಉಳುಮೆ ಮುಗಿದ ಮೇಲೆ ಮುದಿಯೆತ್ತನ್ನು ಸಂತೆಗೆ ಹೊಡೆದ ನಮ್ಮ ಹಳ್ಳಿಗಳವರು ಇದನ್ನು ಓದಿ ನಗಬಹುದು. ನಗುವಿನ ಕೊನೆಯಲ್ಲಿ ಸ್ವಲ್ಪ ಯೋಚಿಸಲೂಬಹುದು.

ಮತ್ತು ಬರ್ಗಿಯಕ್ಕೆ ಉಣಿಸುವುದೆಂದರೆ ಇನ್ನೊಂದು ಜೀವವನ್ನು ಬಡಿಸುವುದು. ನಾವು ತರಗತಿಯಲ್ಲಿ ಪುಣ್ಯಕೋಟಿಯ ಕಥೆಯನ್ನು ಹೇಳುವಾಗ ಹಸುವಿನ ಸತ್ಯದ ಮೇಲೆ ಮಕ್ಕಳ ಕಣ್ಣುಗಳನ್ನು ಒದ್ದೆಮಾಡಿಸುತ್ತೇವೆ. ಹುಲಿಯ ಹಸಿವನ್ನು ಕುರಿತು ಯಾವ ಪ್ರಶ್ನೆಯನ್ನೂ ಪರೀಕ್ಷೆಗೆ ಇಡುವುದಿಲ್ಲ. ಹುಲ್ಲು ತಿನ್ನಲಾರದ ಆ ಪ್ರಾಣಿ ಕಥೆಯ ಕೊನೆಗೆ ತನ್ನ ಪ್ರಾಣವನ್ನೇ ಬಿಡುತ್ತದಲ್ಲ, ಅದಕ್ಕೆ ಬೇರೆ ದಾರಿ ಏನಿತ್ತೆಂದು ಯಾವ ಮಗುವಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿದೆಯೆ? ಕಾಡಿನಲ್ಲಿ ಹುಲಿ ತನ್ನ ಬೇಟೆಯನ್ನು ತಾನೇ ಹಿಡಿಯುತ್ತದೆ, ಆ ಲೆಕ್ಕ ನಮ್ಮದಲ್ಲ. ಗಾಜಿನೊಳಗೆ ತಂದಿಟ್ಟ ಕ್ಷಣದಿಂದ ಅದರ ಪ್ರತಿಯೊಂದು ತುತ್ತೂ ನಮ್ಮ ಲೆಕ್ಕಕ್ಕೆ ಬರುತ್ತದೆ, ಉಣಿಸಿದರೂ, ಉಣಿಸದಿದ್ದರೂ.

ಸಾಕಲೇಬಾರದು ಎಂಬುದು ನಮ್ಮ ಅಭಿಪ್ರಾಯವಲ್ಲ. ನಮ್ಮ ಊರಿನಲ್ಲಿಯೇ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಆರ್ಕಿಡ್ ತೋಟವಿದೆ. ತಂಪಾದ ಬೆಟ್ಟವನ್ನು, ಮಂಜನ್ನು ಕೇಳುವ ಗಿಡಗಳನ್ನು ಅವು ಬೇರೂರಬಲ್ಲ ಬೆಟ್ಟದಲ್ಲಿಯೇ ಇಟ್ಟು ಕಾಪಾಡುತ್ತಾರೆ. ತೋಟ ನೋಡಿ ಮೊಟ್ಟೆ ತರುವುದೆಂದರೆ ಅದು.

ಇನ್ನು ಹೇಳಬೇಕಾದದ್ದು ನಮ್ಮ ತಪ್ಪಿನ ಮುಖ್ಯ ಭಾಗ. ತಾಯಿಯವರು ಕೇಳಿದ ಮೇಲೂ ನಾವು ಆ ಹುಳುವನ್ನು ಇಟ್ಟುಕೊಂಡೆವು, ಏಕೆಂದರೆ ಇನ್ನು ಹನ್ನೆರಡು ದಿನಗಳಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನವಿತ್ತು. ಭಾವಮೈದುನನಿಗೆ ಫೋನು ಮಾಡಿ, ಆ ಹುಳುವಿಗೆ ತಕ್ಕ ಸ್ಪಂಜನ್ನಿಟ್ಟ ದೊಡ್ಡ ತೊಟ್ಟಿಯವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಬಹುದಿತ್ತು. ವಿಚಾರಿಸಲಿಲ್ಲ. ಆ ದಿನಗಳಲ್ಲಿಯೇ ನೋಟುಪುಸ್ತಕದ ಹುಡುಗಿ, "ಮೇಷ್ಟ್ರೇ, ಇದು ಏನು ತಿನ್ನುತ್ತೆ? ಆಹಾರ ಅಂತ ಒಂದು ಸಾಲು ಹಾಕಿದೀನಿ, ಖಾಲಿ ಇದೆ" ಎಂದಳು. ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ ಎಂದು ಬರೆದುಕೋ ಎಂದೆವು. ಅವಳು ದುಂಡಾದ ಅಕ್ಷರಗಳಲ್ಲಿ ಬರೆದುಕೊಂಡಳು. ಅದರ ಕೆಳಗಿನ ಸಾಲಿನಲ್ಲಿಯೇ ಆ ದಿನದ ಉದ್ದವೂ ಇತ್ತು: ೪.೫ ಸೆಂಟಿಮೀಟರ್. ಅವಳು ಎರಡು ಸಾಲುಗಳನ್ನೂ ನೋಡಿ, ನಮ್ಮನ್ನೂ ನೋಡಿ, ಪುಸ್ತಕವನ್ನು ಮುಚ್ಚಿದಳು. ಅಳತೆ ಮಾಡಲು ಕಲಿಸಿದವರು ನಾವೇ.

ಪ್ರದರ್ಶನ ಚೆನ್ನಾಗಿ ನಡೆಯಿತು. ಬಹುಮಾನವೂ ಬಂತು. ನಾಲ್ಕು ದಿನಗಳ ಮೇಲೆ ಹುಳು ಗಾಜಿನಿಂದ ಕಳಚಿ ತಳಕ್ಕೆ ಬಿತ್ತು. ನಾವು ಶಾಲೆಯಿಂದ ಮರಳುವಷ್ಟರಲ್ಲಿ ಎರಡು ಮೀನುಗಳೂ ಸತ್ತು ತೇಲುತ್ತಿದ್ದವು. ಸಾಯುವಾಗ ಅದು ತನ್ನ ಕೂಡಿಟ್ಟ ವಿಷವನ್ನೆಲ್ಲ ನೀರಿಗೆ ಬಿಟ್ಟಿರಬೇಕು.

ಮರುದಿನ ತರಗತಿಯಲ್ಲಿ ನಿಂತು ನಡೆದದ್ದನ್ನು ಹೇಳಿದೆವು. ಅದರ ಆಹಾರ ಸ್ಪಂಜು, ಅದು ನಮಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆವು ಎಂದೆವು. ಮಕ್ಕಳು ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಆ ಹುಡುಗಿ ಪುಸ್ತಕವನ್ನು ತೆರೆದು ಹಳೆಯ ಸಾಲನ್ನು ಒಂದು ಗೆರೆಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಬರೆದಳು: ಹುಳುವಿನ ಆಹಾರ, ಸ್ಪಂಜು. ನಾವು ಕೊಟ್ಟದ್ದು, ಪಾಲಕ್ ಸೊಪ್ಪು. 'ನಾವು' ಎಂದೇ ಬರೆದಿದ್ದಳು, 'ಮೇಷ್ಟ್ರು' ಎಂದಲ್ಲ.

ತೊಟ್ಟಿ ಈಗ ಒಣಗಿ ಪಡಸಾಲೆಯ ಮೂಲೆಯಲ್ಲಿದೆ. ಭಾವಮೈದುನ ಫೋನಿನಲ್ಲಿ, ಪಾಚಿ ತಿನ್ನುವ ಕಡಲ ಮೊಲ ಸಿಕ್ಕುತ್ತದೆ, ಅದಕ್ಕೆ ಉಣಿಸುವುದು ಸುಲಭ, ಕಳಿಸಲೆ ಎಂದು ಕೇಳಿದನು. ಒಂದು ತೊಟ್ಟಿಯ ಪಾಚಿಯನ್ನು ಅದು ಎಷ್ಟು ದಿನಗಳಲ್ಲಿ ಮುಗಿಸುತ್ತದೆ, ಮುಗಿದ ಮೇಲೆ ವರ್ಷವಿಡೀ ಕೊಡಲು ಪಾಚಿ ಎಲ್ಲಿಂದ ಬರಬೇಕು ಎಂದು ಕೇಳಿದ್ದೇವೆ. ಅವನಿಂದ ಇನ್ನೂ ಉತ್ತರ ಬಂದಿಲ್ಲ. ಅಷ್ಟರಲ್ಲಿ ಮಕ್ಕಳು, ಕಿತ್ತಳೆ ಗಿಡದಲ್ಲಿ ಮೇಯುವ ಚಿಟ್ಟೆಯ ಮರಿಹುಳುಗಳನ್ನು ತಂದು ಆ ತೊಟ್ಟಿಯಲ್ಲಿ ಸಾಕಿ, ರೆಕ್ಕೆ ಬಂದ ಮೇಲೆ ಬಿಟ್ಟುಬಿಡೋಣ ಎನ್ನುತ್ತಿದ್ದಾರೆ. ಶಾಲೆಯ ಹಿತ್ತಲಿನಲ್ಲಿರುವುದು ಎರಡೇ ಕಿತ್ತಳೆ ಗಿಡ. ಮೊದಲು ಹೋಗಿ ಎಳೆಯ ಎಲೆಗಳು ಎಷ್ಟಿವೆ ಎಂದು ಎಣಿಸಿಕೊಂಡು ಬನ್ನಿರೆಂದು ಕಳುಹಿಸಿದ್ದೇವೆ. ಒಂದು ಗಿಡದ ಎಣಿಕೆ ಮುಗಿದಿದೆ.